ಶನಿವಾರದ ಹೊಲಿಗೆ

ಚಮಚ ತುಟಿಗೆ ತಾಗುವ ಮೊದಲೇ ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಎರ್ಮೆಕ್ ಚಮಚವನ್ನು ಹಾಗೆಯೇ ಹಿಡಿದುಕೊಂಡು ಕೂತ. ಆಲೂಗಡ್ಡೆಯನ್ನು ಬೇಯಿಸಿ, ಸುಲಿದು, ಒಂದು ಗಂಟೂ ಉಳಿಯದಂತೆ ಮೂರು ಸಲ ನುರಿದು, ಬೆಣ್ಣೆ ಮತ್ತು ಹಾಲು ಬೆರೆಸಿ ತಂದಿದ್ದ. ಇದಕ್ಕಿಂತ ಮೆತ್ತಗಿನ, ಇದಕ್ಕಿಂತ ಸಾಧುವಾದ, ಯಾರ ತಂಟೆಗೂ ಹೋಗದ ಪದಾರ್ಥ ಭೂಮಿಯ ಮೇಲೆ ಇನ್ನೊಂದಿಲ್ಲವೆಂದು ಅವನ ನಂಬಿಕೆ. ನಲವತ್ತಮೂರು ವರ್ಷ ಅವನನ್ನು ಸಾಕಿ ನಿಲ್ಲಿಸಿದ್ದು ಅದೇ. "ಅಮ್ಮ, ಒಂದೇ ಒಂದು. ನನಗೋಸ್ಕರ," ಎಂದ. ಅಂದ ಮೇಲೆ ಆ ಮಾತೂ ಆ ದನಿಯೂ ತನ್ನದಲ್ಲವೆಂದು ಹೊಳೆದು ಕಿವಿ ಬಿಸಿಯಾಯಿತು. ಇದೇ ಕೋಣೆಯಲ್ಲಿ, ಇದೇ ಹಾಸಿಗೆಯಲ್ಲಿ, ಮಾಂಸದ ಸಾರಿನ ಬಟ್ಟಲು ಹಿಡಿದು ಅಮ್ಮ ಎಷ್ಟು ಸಲ ಹೀಗೆ ಬೇಡಿಕೊಂಡಿರಲಿಲ್ಲ. ಆಗ ಅವನು ಇದೇ ಗೋಡೆಗೆ ತಿರುಗಿ, ಅಲ್ಲಿ ತೂಗುಹಾಕಿದ ಜಮಖಾನದ ಟಗರುಕೊಂಬಿನ ಚಿತ್ತಾರವನ್ನು ಎಣಿಸುತ್ತಿದ್ದ. ಒಟ್ಟು ಮೂವತ್ತಾರು ಕೊಂಬು. ಅಮ್ಮ ಈಗ ಎಷ್ಟನೆಯದಕ್ಕೆ ಬಂದಿರಬಹುದು ಎಂದು ಯೋಚಿಸಿದ. ಇಂಥ ಹೊತ್ತಿನಲ್ಲೂ ಇಂಥದ್ದೇ ಹೊಳೆಯುವ ತನ್ನ ತಲೆಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಅಮ್ಮನಿಗೆ ಲಕ್ವ ಹೊಡೆದು ಐದು ವಾರವಾಗಿತ್ತು. ಬಲಗೈ, ಬಲಗಾಲು ಬೇರೆ ಯಾರದೋ ಸಾಮಾನಿನಂತೆ ಪಕ್ಕದಲ್ಲಿ ಬಿದ್ದಿರುತ್ತಿದ್ದವು. ಬಾಯಿಂದ ದಿನಕ್ಕೆ ಎರಡೋ ಮೂರೋ ಮಾತು: ಹೂಂ, ನೀರು, ಸಾಕು. ಆಸ್ಪತ್ರೆಯಲ್ಲಿದ್ದಷ್ಟು ದಿನ ಕೊಟ್ಟದ್ದನ್ನು ನುಂಗಿದ್ದವಳು ಮನೆಗೆ ಬಂದ ಮೇಲೆ ಬಾಯಿ ಕಟ್ಟಿಬಿಟ್ಟಿದ್ದಳು. ಆರು ದಿನದಿಂದ ಹಾಲು ಬೆರೆಸಿದ ಚಹಾ ಬಿಟ್ಟರೆ ಏನೂ ಒಳಗೆ ಹೋಗಿರಲಿಲ್ಲ. ನಿನ್ನೆ ನೋಡಲು ಬಂದ ಡಾಕ್ಟರಮ್ಮ ಕೈಚೀಲ ಮುಚ್ಚುತ್ತಾ, "ಸೋಮವಾರದ ತನಕ ನೋಡೋಣ. ತಿನ್ನದೆ ಹೋದ್ರೆ ಮೂಗಿಂದ ಕೊಳವೆ ಹಾಕ್ಲೇಬೇಕಾಗತ್ತೆ," ಎಂದಿದ್ದರು. ಕೊಳವೆ ಎಂದ ತಕ್ಷಣ ಎರ್ಮೆಕ್‌ಗೆ ತನ್ನ ಗಂಟಲಲ್ಲೇ ಏನೋ ಇಳಿದಂತಾಗಿ ಓಕರಿಕೆ ಬಂತು. ಡಾಕ್ಟರಮ್ಮ ಅವನ ಬೆನ್ನು ತಟ್ಟಿ ನೀರು ಕುಡಿಸಿ ಹೋದರು. ಕಾಯಿಲೆ ಅಮ್ಮನದು, ಉಪಚಾರ ಮಗನಿಗೆ. ಆ ಮನೆಯಲ್ಲಿ ಮೊದಲಿನಿಂದಲೂ ಹೀಗೇ ನಡೆದುಬಂದಿತ್ತು.

ಬಾಗಿಲು ತಟ್ಟದೆ ಒಳಗೆ ಬರುವವಳು ಒಬ್ಬಳೇ, ಪಕ್ಕದ ಮನೆಯ ಬುರುಲ್ ಎಜೆ, ಬೀದಿಗೆಲ್ಲ ಅಕ್ಕ. ಅಮ್ಮನಿಗಿಂತ ಎರಡು ವರ್ಷ ದೊಡ್ಡವಳು, ಆ ಬೀದಿಯ ಅರ್ಧ ಜನರ ಹೆರಿಗೆ ಮಾಡಿಸಿದ ಸೂಲಗಿತ್ತಿ. ಎರ್ಮೆಕ್‌ನನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಅಳಿಸಿದವಳೂ ಅವಳೇ. ಅಂದಿನಿಂದ ಅವನನ್ನು ಹಾಗೆಯೇ ಎತ್ತಿ ಹಿಡಿದಂತೆ ಮಾತಾಡುತ್ತಾಳೆ. ಬಂದವಳು ಬಟ್ಟಲೊಳಗೆ ಇಣುಕಿದಳು.

"ಏನೋ ಇದು, ಇವತ್ತೂ ಸುಣ್ಣವೇ?"

"ಆಲೂಗಡ್ಡೆ, ಎಜೆ."

"ಗೋಡೆಗೆ ಬಳಿ. ಚೆನ್ನಾಗಿ ಕೂತ್ಕೊಳ್ಳತ್ತೆ."

"ಅಮ್ಮನಿಗೆ ಹಸಿವೇ ಸತ್ತುಹೋಗಿದೆ. ಡಾಕ್ಟರೂ ಅದೇ ಅಂದ್ರು."

ಬುರುಲ್ ಎಜೆ ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿದಳು. ಜಗಳಕ್ಕೆ ಮುಂಚೆ ಅವಳು ಹಾಗೆ ಮಾಡುವುದುಂಟು. "ಹಸಿವು ಸತ್ತಿಲ್ಲ ಕಣೋ. ನಿನ್ನ ಆಲೂಗಡ್ಡೆ ಸಾಕಾಗಿದೆ ಅವಳಿಗೆ. ಮೂವತ್ತು ವರ್ಷ ನಿನ್ನ ಎದುರು ಕೂತು ತಿಂದ್ಲು. ಅರ್ಧ ಮೈ ಬಿದ್ದುಹೋದ ಮೇಲಾದ್ರೂ ಬೇಡ ಅನ್ನೋಕೆ ಅವಳಿಗೆ ಹಕ್ಕಿಲ್ವಾ?"

"ಅಮ್ಮನಿಗೆ ಆಲೂಗಡ್ಡೆ ಅಂದ್ರೆ ಇಷ್ಟ, ಎಜೆ."

ಅವಳು ನಗಲಿಲ್ಲ. ರೋಗಿಯನ್ನು ನೋಡುವಂತೆ ಅವನನ್ನು ನೋಡಿದಳು. "ಶನಿವಾರ ಶನಿವಾರ ನಮ್ಮನೆಗೆ ಹೊಲಿಗೆಗೆ ಅಂತ ಬರ್ತಿದ್ಲಲ್ಲ. ಏನು ಹೊಲಿದ್ಲು? ಒಂದಾದ್ರೂ ತೋರಿಸು ನೋಡೋಣ."

ಎರ್ಮೆಕ್ ನಿಜವಾಗಿಯೂ ಕೋಣೆಯ ಸುತ್ತ ಕಣ್ಣಾಡಿಸಿದ. ಪರದೆ ಅಂಗಡಿಯಿಂದ ತಂದದ್ದು. ಅಮ್ಮ ಹೊದ್ದ ಕೌದಿ ಅಜ್ಜಿಯ ಕಾಲದ್ದು. ತಾನು ತೊಟ್ಟ ಅಂಗಿ ಬಜಾರಿನದು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಮ್ಮ ಬಟ್ಟೆಯ ಚೀಲ ಹಿಡಿದು ಹೊರಡುತ್ತಿದ್ದಳು, ಐದಕ್ಕೆ ಬರುತ್ತಿದ್ದಳು, ಬಂದವಳೇ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ಬಾಯಿ ತೊಳೆಯುತ್ತಿದ್ದಳು. ಶನಿವಾರದ ಸಂಜೆ ಅಮ್ಮನ ಮೈಯಿಂದ ಬರುವ ಸೋಪಿನ ವಾಸನೆ ಅವನಿಗೆ ಇಷ್ಟವಾಗಿತ್ತು. ಸೂಜಿ ಮುಟ್ಟಿದ ಕೈಗೆ ಅಷ್ಟು ಸೋಪು ಯಾಕೆ ಬೇಕು ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಹಾಗಿನ ಮನುಷ್ಯನೇ ಅಲ್ಲ ಅವನು. ಅವನ ಎಲ್ಲ ಅನುಮಾನಗಳೂ ತಟ್ಟೆಯ ಮೇಲೇ ಖರ್ಚಾಗಿ ಹೋಗುತ್ತಿದ್ದವು.

"ನಮ್ಮನೇಲಿ ಹೊಲಿಗೆ ಮಿಷನ್ನೇ ಇಲ್ಲ," ಎಂದಳು ಬುರುಲ್ ಎಜೆ. "ತಿನ್ನೋಕೆ ಬರ್ತಿದ್ಲು ಕಣೋ. ಒಲೊಬೊ ಮಾಡ್ತಿದ್ದೆ. ಒಂದೊಂದು ಸಲ ಕರುಳು, ಒಂದೊಂದು ಸಲ ಹುಳಿ ಬರಿಸಿದ ಗಂಜಿ. ಕಳ್ಳಬಟ್ಟಿ ಕುಡಿಯೋ ಗಂಡಸಿನ ಹಾಗೆ ಬಾಗಿಲು ಹಾಕ್ಕೊಂಡು ತಿಂದು, ಬಾಯಿ ಒರೆಸ್ಕೊಂಡು ಓಡ್ತಿದ್ಲು. ನನ್ನ ಮಗನಿಗೆ ವಾಸನೆ ಆಗಲ್ಲ, ವಾಂತಿ ಆಗತ್ತೆ ಅವನಿಗೆ, ಪಾಪ, ಅನ್ನೋಳು. ಪಾಪವಂತೆ!"

ಇಷ್ಟೆಲ್ಲ ಅಮ್ಮನ ತಲೆಯ ಮೇಲೇ, ಅವಳು ಕೇಳುತ್ತಿರುವಂತೆಯೇ ನಡೆಯುತ್ತಿತ್ತು. ಎರ್ಮೆಕ್ ಬಗ್ಗಿ ನೋಡಿದ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಎಡಗೈ ಬೆರಳು ಕೌದಿಯ ಅಂಚನ್ನು ಕೀಳುತ್ತಿದ್ದವು. ಮುಖದ ಎಡಭಾಗ ಸಣ್ಣಗೆ ಎಳೆದುಕೊಂಡಿತು. ಬಲಭಾಗ ಇದ್ದ ಹಾಗೆಯೇ ಇತ್ತು. ಅದು ನಗುವೋ, ಸಿಕ್ಕಿಬಿದ್ದವಳ ನಾಚಿಕೆಯೋ, ಅರ್ಧ ಮುಖದಿಂದ ಅವನಿಗೆ ಓದಲಾಗಲಿಲ್ಲ.

ಒಲೊಬೊ. ಕುರಿಯ ಪುಪ್ಪುಸದೊಳಗೆ ಹಾಲು ತುಂಬಿ ಬೇಯಿಸಿದ್ದು. ಸರೋವರದ ಈ ದಂಡೆಯ ಜನ ಒಳ್ಳೆಯ ನೆಂಟರಿಗೆ ಅದನ್ನು ಮಾಡಿ ಹಾಕುತ್ತಾರೆ. ಅವನಿಗೆ ಹದಿಮೂರು ತುಂಬಿದ್ದಾಗ ಅಪ್ಪನ ನೆಂಟರು ಬಂದಿದ್ದರು. ಬೆಳ್ಳಗೆ, ನಡುಗುವ ಹೋಳುಗಳ ತಟ್ಟೆ. ದೊಡ್ಡಪ್ಪನೊಬ್ಬ ಪ್ರೀತಿಯಿಂದ ಒಂದು ಹೋಳನ್ನು ಎತ್ತಿ ಅವನ ಬಾಯಿಗಿಡಲು ಬಂದ. ಎಲ್ಲರೂ ಸುತ್ತ ಕೂತ ಆ ಊಟದ ಹಾಸಿನ ನಡುವೆ, ರೊಟ್ಟಿಯ ಮೇಲೆ, ಅವನು ಕಾರಿಬಿಟ್ಟಿದ್ದ. ಹೋಳು ನಾಲಿಗೆಗೆ ತಾಗಿಯೂ ಇರಲಿಲ್ಲ. ತಾಗುವ ಮೊದಲೇ ದ್ವೇಷಿಸುವುದು ಅವನಿಗೆ ಆಗಲೇ ಕರಗತವಾಗಿತ್ತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅಮ್ಮ ಹಾಸನ್ನು ನಾಲ್ಕು ಮೂಲೆ ಹಿಡಿದು ಎತ್ತಿ, "ಇನ್ನು ಈ ಮನೇಲಿ ಅದು ಬೇಯಲ್ಲ," ಎಂದಿದ್ದಳು. ಅವನು ಅದನ್ನು ತನ್ನ ಗೆಲುವು ಅಂದುಕೊಂಡ. ಸೈನ್ಯದಲ್ಲಿ ಎರಡು ವರ್ಷ ರೊಟ್ಟಿ ಸಕ್ಕರೆ ತಿಂದು ಗುಬ್ಬಚ್ಚಿ ಎಂಬ ಹೆಸರು ಗಳಿಸಿದ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೇಗಿಮಾಯ್ ಎಂಬ ಹುಡುಗಿಯ ಮನೆಯಲ್ಲಿ ನಿಶ್ಚಿತಾರ್ಥ. ಹುಡುಗಿಯ ತಂದೆ ಕುರಿಯ ಬಾಲದ ಕೊಬ್ಬನ್ನೂ ಈಲಿಯನ್ನೂ ಸೇರಿಸಿ ತುತ್ತು ಮಾಡಿ ತಮ್ಮ ಕೈಯಾರೆ ಕೊಟ್ಟರು. ಅದನ್ನು ನುಂಗಿದರೆ ಸಂಬಂಧ ಗಟ್ಟಿ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಎರ್ಮೆಕ್ ಅದನ್ನು ಜಾಣತನದಿಂದ ಕೋಟಿನ ಜೇಬಿಗೆ ಸೇರಿಸಿದ. ಒಲೆಯ ಪಕ್ಕ ಕೂರಿಸಿದ್ದರು. ಕೊಬ್ಬು ಕರಗಿ ಜೇಬಿನಿಂದ ಇಳಿದು, ತೊಡೆಯ ಮೇಲೆ ಹರಡಿ, ಅವರ ಹೊಸ ಜಮಖಾನದ ಮೇಲೆ ಸಣ್ಣ ಸರೋವರವಾಯಿತು. ಬೇಗಿಮಾಯ್ ಈಗಲೂ ವರ್ಷಕ್ಕೊಮ್ಮೆ ಗಂಡನ ಜೊತೆ ಅವನ ಕನ್ನಡಕದ ಅಂಗಡಿಗೆ ಬರುತ್ತಾಳೆ. ಅವಳ ಕಣ್ಣಿಗೆ ಒಂದೊಂದೇ ಗಾಜು ಹಿಡಿದು ಇದು ಚೆನ್ನಾಗಿ ಕಾಣುತ್ತಾ, ಇದಾ ಎಂದು ಅವನು ಕೇಳುತ್ತಾನೆ. ಅವಳು ಗೋಡೆಯ ಅಕ್ಷರಗಳನ್ನು ಬಿಟ್ಟು ಅವನ ಜೇಬು ನೋಡುತ್ತಾಳೆ ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತದೆ.

"ನೀವೇ ಮಾಡಿಕೊಡಿ, ಎಜೆ," ಎಂದ. ದನಿ ಸಣ್ಣಗಾಗಿತ್ತು.

"ಮಾಡಿದ್ನಲ್ಲ. ಹೋದ ಭಾನುವಾರ, ಅವಳು ಮನೆಗೆ ಬಂದ ದಿನ. ಬಿಸಿಬಿಸಿ ತಂದು ನಿನ್ನ ಕೈಗೆ ಕೊಟ್ಟೆ. ಎಲ್ಲಿ ಹೋಯ್ತು ಅದು?"

ಎರ್ಮೆಕ್ ಬಟ್ಟಲಿನ ಆಲೂಗಡ್ಡೆಯನ್ನು ಚಮಚದಿಂದ ಕಲಸತೊಡಗಿದ.

"ನಿಮ್ಮನೆ ನಾಯಿ ನನ್ನ ಬಟ್ಟಲು ನೆಕ್ತಾ ಇದ್ದಿದ್ದನ್ನ ಕಿಟಕಿಯಿಂದ ನೋಡ್ದೆ ಕಣೋ. ನಾನು ನೋಡಿದ್ದು ಹಾಗಿರ್ಲಿ. ಅವಳಿಗೆ ಕಾಲು ಬಿದ್ದಿದೆ, ಮೂಗು ಬಿದ್ದಿಲ್ಲ. ಬಾಗಿಲ ತನಕ ಬಂದದ್ದು ವಾಪಸ್ ಹೋಯ್ತು ಅಂತ ಅವಳಿಗೆ ಗೊತ್ತಾಗಲ್ವಾ? ಅವತ್ತಿಂದ ತಾನೆ ಬಾಯಿ ಮುಚ್ಚಿದ್ದು?"

ಆ ಭಾನುವಾರ ಅವನು ಮುಚ್ಚಳ ಎತ್ತಿಯೂ ನೋಡಿರಲಿಲ್ಲ. ಉಸಿರು ಬಿಗಿಹಿಡಿದು ಹಿತ್ತಲ ಬಾಗಿಲಿಂದ ಹೋಗಿ ನಾಯಿಯ ಮುಂದೆ ಸುರಿದು ಬಂದಿದ್ದ. ವೈದ್ಯರು ಮಾಂಸ ಬೇಡವೆಂದಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ವೈದ್ಯರು ಮೆತ್ತಗಿನದು ಎಂದಿದ್ದರೇ ಹೊರತು ಮಾಂಸದ ಮಾತೇ ಆಡಿರಲಿಲ್ಲ. ಒಳಗೆ ಬಂದಾಗ ಅಮ್ಮ ತಲೆ ಎತ್ತಲು ನೋಡುತ್ತಿದ್ದಳು, ಕಣ್ಣು ಬಾಗಿಲ ಕಡೆಗಿತ್ತು. ಶೌಚಕ್ಕಿರಬೇಕೆಂದು ಅವನು ಪಾತ್ರೆ ತಂದಿಟ್ಟಿದ್ದ. ಅದು ನೆನಪಾಗಿ ಅವನು ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟ. ಇನ್ನು ಅದನ್ನು ಹಿಡಿದುಕೊಂಡಿರಲು ಸಾಧ್ಯವಿರಲಿಲ್ಲ.

"ನಾನು ಮಾಡಲ್ಲ," ಎಂದಳು ಬುರುಲ್ ಎಜೆ. "ಹೇಗೆ ಅಂತ ಹೇಳ್ತೀನಿ. ಸ್ಟೂಲು ಹಾಕು, ಕೂತ್ಕೊಂಡು ನೋಡ್ತೀನಿ. ಮಾಡೋದು ನೀನು."

ಕರಾಕೋಲ್ ಬಜಾರಿನಲ್ಲಿ ಅವನ ಅಂಗಡಿಗೂ ಮಾಂಸದ ಸಾಲಿಗೂ ಮಧ್ಯೆ ಎರಡೇ ಓಣಿ. ಆದರೂ ಹದಿನೈದು ವರ್ಷದಿಂದ ಅವನು ಗಡಿಯಾರದವರ ಕಡೆಯಿಂದ ಸುತ್ತಿ ಹೋಗುತ್ತಿದ್ದ. ಇಂದು ನೇರ ಹೋದ. ಮೊದಲ ಅಂಗಡಿಯ ಶಾಮೆನ್, ಎರ್ಮೆಕ್ ಮಾಡಿಕೊಟ್ಟಿದ್ದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿ, "ಓಹೋ, ಕನ್ನಡಕದ ಬಾಯ್ಕೆ! ಏನಣ್ಣ, ದಾರಿ ತಪ್ಪಿದ್ರಾ?" ಎಂದ.

"ಪುಪ್ಪುಸ ಬೇಕಿತ್ತು. ಕುರೀದು."

"ನಾಯಿಗಾ?"

"ಅಮ್ಮನಿಗೆ."

ಶಾಮೆನ್‌ನ ಮುಖ ಬದಲಾಯಿತು. ಕೊಕ್ಕೆಯಿಂದ ಒಂದನ್ನು ಇಳಿಸಿ, ಗಂಟಲ ಕೊಳವೆ ಹಿಡಿದು ಅವನ ಮುಂದೆ ಚಾಚಿದ. "ಊದಿ ನೋಡ್ಕೊಳ್ಳಿ. ಎಲ್ಲೂ ತೂತಿರಬಾರದು." ಎರ್ಮೆಕ್ ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಬೇಡ, ನಿಮ್ಮ ಮೇಲೆ ನಂಬಿಕೆ ಇದೆ," ಎಂದ. ಹೇಡಿತನಕ್ಕೆ ನಂಬಿಕೆ ಎಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ, ಪೊಟ್ಟಣವನ್ನು ಮೈಗೆ ತಾಗದಂತೆ ಕೈಚಾಚಿ ಹಿಡಿದು ನಡೆದ. ಎದುರಿಗೆ ಬಂದ ಜನ ಅದರೊಳಗೆ ಹಾವಿದೆಯೇನೋ ಎಂಬಂತೆ ದಾರಿ ಬಿಟ್ಟರು.

ನಲ್ಲಿಯ ಕೆಳಗೆ ಕೊಳವೆಯಿಂದ ನೀರು ಬಿಟ್ಟು, ಹಿಚುಕಿ, ಬಗ್ಗಿಸಿ, ಮತ್ತೆ ನೀರು ಬಿಟ್ಟು, ಕೆಂಪು ಹೋಗಿ ಬೆಳ್ಳಗಾಗುವ ತನಕ ತೊಳೆಯಬೇಕು. ಅವನು ಕಣ್ಣು ಮುಚ್ಚಿಕೊಂಡು ತೊಳೆದ. "ಕಣ್ಣು ಬಿಡೋ, ಅದೇನು ನಿನ್ನ ಕಚ್ಚಲ್ಲ. ಸತ್ತಿರೋದು ಅದು," ಎಂದು ಸ್ಟೂಲಿನ ಮೇಲಿಂದ ಬುರುಲ್ ಎಜೆ. ಹಾಲಿಗೆ ಕರಗಿಸಿದ ಬೆಣ್ಣೆ ಬೆರೆಸಿ ಕೊಳವೆಗೆ ಹುಯ್ದ. ಪುಪ್ಪುಸ ಉಬ್ಬಿತು, ಉಬ್ಬಿತು, ಕೊನೆಗೆ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ತೂತಿನಿಂದ ದಾರದಂತೆ ಹಾಲು ಚಿಮ್ಮಿ ನೇರ ಅವನ ಕಾಲುಚೀಲದ ಮೇಲೆ ಬಿತ್ತು. ಬೆರಳಿಂದ ಮುಚ್ಚಿದ, ಇನ್ನೊಂದು ಕಡೆ ಚಿಮ್ಮಿತು. ಎರಡು ಕೈ, ಆಮೇಲೆ ಮೊಣಕೈ. ಬುರುಲ್ ಎಜೆ ಪಕ್ಕೆ ಹಿಡಿದುಕೊಂಡು, "ಅಯ್ಯೋ, ನಮ್ಮ ಹಸು ಕೂಡ ಇಷ್ಟು ಸಲೀಸಾಗಿ ಕೊಡಲ್ಲ ಕಣೋ!" ಎಂದು ಬಿದ್ದುಬಿದ್ದು ನಕ್ಕಳು. ಆಗ ಒಳಗಿನ ಕೋಣೆಯಿಂದ ಒಂದು ಸದ್ದು ಬಂತು, ಕೆಮ್ಮಿನಂಥದ್ದು. ಎರ್ಮೆಕ್ ಎಲ್ಲ ಬಿಟ್ಟು ಓಡಿದ. ಅಮ್ಮನ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಭುಜ ಕುಲುಕುತ್ತಿತ್ತು. ತೆರೆದ ಬಾಗಿಲಿಂದ ಅವಳಿಗೆ ಅಡುಗೆಮನೆಯ ನೆಲವೂ ಹಾಲಿನಲ್ಲಿ ನಿಂತಿದ್ದ ಅವನ ಪಾದಗಳೂ ಕಂಡಿದ್ದವು. ಐದು ವಾರದಲ್ಲಿ ಮೊದಲ ಸಲ ಅಮ್ಮ ನಗುತ್ತಿದ್ದಳು, ಅದೂ ಅವನನ್ನು ನೋಡಿ.

ಎರಡನೆಯ ಸಲ ಹೋದಾಗ ಶಾಮೆನ್ ಏನೂ ಕೇಳಲಿಲ್ಲ. ಇನ್ನೊಂದನ್ನು ಇಳಿಸಿ, "ಊದಿ," ಎಂದ. ಎರ್ಮೆಕ್ ಕೊಳವೆಯನ್ನು ಎರಡು ಕೈಯಲ್ಲಿ ಹಿಡಿದ. ತಣ್ಣಗೆ, ಜಾರುವ ಹಾಗಿತ್ತು. ಬಾಯಿಗೆ ಇಟ್ಟುಕೊಂಡು ಊದಿದ. ಗುಲಾಬಿ ಬಣ್ಣದ ಆ ವಸ್ತು ಅವನ ಕೈಯಲ್ಲಿ ನಿಧಾನವಾಗಿ ಎದ್ದಿತು. ಅವನ ಉಸಿರು ಹೋಗಿ ಅದರ ಉಸಿರಾಯಿತು. ಬಾಯಿ ತೆಗೆದರೆ ಅದು ನಿಟ್ಟುಸಿರು ಬಿಟ್ಟಂತೆ ಇಳಿಯಿತು. ಪಕ್ಕದಲ್ಲಿ ಕೊಬ್ಬು ಆರಿಸುತ್ತಿದ್ದ ಮುದುಕಿಯೊಬ್ಬಳು ಜೊತೆಯವಳಿಗೆ, "ನಮ್ಮ ಕನ್ನಡಕದವನ್ನ ನೋಡೇ, ಕೊಳಲು ಕಲೀತಿದಾನೆ," ಎಂದಳು. ಈಗ ಓಕರಿಕೆ ಬರುತ್ತದೆ, ಈಗ ಎಲ್ಲರ ಮುಂದೆ ಕಾರುತ್ತೇನೆ ಎಂದು ಅವನು ಕಾದ. ಬರಲಿಲ್ಲ. ಇನ್ನೂ ಸ್ವಲ್ಪ ಕಾದ. ಮೂವತ್ತು ವರ್ಷ ತಾನು ನಂಬಿಕೊಂಡು ಬಂದ ಒಂದು ಗುಣ ಹೀಗೆ ಹೇಳದೆ ಕೇಳದೆ ಕೈಕೊಟ್ಟದ್ದಕ್ಕೆ ಅವನಿಗೆ ನಿರಾಸೆಯೇ ಆಯಿತು.

ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಬೇಕು. ಅವನು ಒಲೆಯ ಮುಂದೆ ಕದಲದೆ ಕೂತ. ಆ ಭಯಂಕರ ವಾಸನೆ ಬರಲೆಂದು ಮೂಗನ್ನು ಸಿದ್ಧಮಾಡಿಕೊಂಡಿದ್ದ. ಬಂದದ್ದು ಕಾಯಿಸಿದ ಹಾಲಿನ ವಾಸನೆ, ಸ್ವಲ್ಪ ಬೆಣ್ಣೆಯದು, ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದು ಕುರಿ. ಅಷ್ಟೇನಾ ಎಂದು ಮತ್ತೆ ಮತ್ತೆ ಮೂಸಿದ. ಅಮ್ಮ ಈ ವಾಸನೆಯನ್ನು ಸೋಪು ಹಚ್ಚಿ ತೊಳೆದುಕೊಂಡು ಮನೆಗೆ ಬರುತ್ತಿದ್ದಳು. ಚಳಿಗಾಲದಲ್ಲಿ ನಲ್ಲಿಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತಿತ್ತು. ಬಚ್ಚಲ ಬಾಗಿಲ ಹೊರಗೆ ನಿಂತು, "ಬೇಗ ಬಾ ಅಮ್ಮ, ಆಲೂಗಡ್ಡೆ ಆರಿಹೋಗತ್ತೆ," ಎಂದು ಅವನು ಕೂಗುತ್ತಿದ್ದ. ಅವಳು ಹೊಟ್ಟೆ ತುಂಬಿದವಳು ಬಂದು ಕೂತು, ಅವನ ಎದುರು ಇನ್ನೊಂದು ಊಟ ಮಾಡುತ್ತಿದ್ದಳು, ಅವನು ಒಬ್ಬನೇ ತಿನ್ನಬಾರದೆಂದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದು ಗಟ್ಟಿಯಾಗಿ, ಬೆಳ್ಳಗೆ, ದಿಂಬಿನ ಹಾಗೆ ಹಲಗೆಯ ಮೇಲೆ ಕೂತಿತ್ತು. ಬುರುಲ್ ಎಜೆ ಹೇಳಿದಂತೆ ತೆಳ್ಳಗೆ ಕೊಯ್ದು, ಬೆರಳ ಉಗುರಿನಷ್ಟು ಚೂರು ಮಾಡಿ ತಟ್ಟೆಯಲ್ಲಿಟ್ಟುಕೊಂಡು ಹೋದ. ಅವನು ಬಾಗಿಲು ದಾಟುವಷ್ಟರಲ್ಲೇ ಅಮ್ಮನ ತಲೆ ಗೋಡೆಯಿಂದ ಈಚೆಗೆ ತಿರುಗಿತ್ತು. ಇಬ್ಬರೂ ಸೇರಿ ಅವಳನ್ನು ಎತ್ತಿ ದಿಂಬಿಗೆ ಒರಗಿಸಿದರು. ಚಮಚ ಇನ್ನೂ ದಾರಿಯಲ್ಲಿರುವಾಗಲೇ ಬಾಯಿ ತೆರೆಯಿತು. ನಿಧಾನವಾಗಿ ಅಗಿದಳು, ಕಣ್ಣು ಮುಚ್ಚಿ ನುಂಗಿದಳು, ಮತ್ತೆ ತೆರೆದಳು. ಐದು, ಆರು, ಒಂಬತ್ತು. ಎರ್ಮೆಕ್ ಎಣಿಸುವುದನ್ನು ಬಿಟ್ಟ. ಬುರುಲ್ ಎಜೆ ಕಿಟಕಿಯ ಕಡೆ ತಿರುಗಿ, "ಈ ಧೂಳು ನೋಡು, ಒರೆಸೋದೇ ಇಲ್ಲ ನೀನು," ಎಂದು ಬೈಯುತ್ತಾ ತಲೆಬಟ್ಟೆಯ ತುದಿಯಿಂದ ಒರೆಸಿದ್ದು ಕಿಟಕಿಯನ್ನಲ್ಲ.

ಆಮೇಲೆ ಅಮ್ಮ ಚಮಚವನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದಳು. ಸಾಕಾಯಿತೆಂದು ಅವನು ತಟ್ಟೆ ತೆಗೆಯಹೋದ. ಆ ಕೈ ತಟ್ಟೆಯೊಳಗೆ ಹೋಗಿ, ತಡಕಾಡಿ, ಒಂದು ಚೂರನ್ನು ಹಿಡಿದುಕೊಂಡು ಎದ್ದಿತು. ಅವನ ಮುಖದ ಹತ್ತಿರ ಬಂತು. ಕೆನ್ನೆಗೆ ತಾಗಿತು, ಮೂಗಿಗೆ ತಾಗಿತು, ಕೊನೆಗೆ ಬಾಯಿ ಸಿಕ್ಕಿತು. ತೆರೆಯದೆ ಬೇರೆ ದಾರಿಯಿರಲಿಲ್ಲ. ತೆರೆದ, ಚೂರು ಒಳಗೆ ಬಂದ ತಕ್ಷಣ ಹಳೆಯ ಅಭ್ಯಾಸ ತಾನಾಗಿಯೇ ಕೆಲಸ ಮಾಡಿತು, ಅದನ್ನು ನಾಲಿಗೆಯಿಂದ ಸರಕ್ಕನೆ ಎಡದವಡೆಗೂ ಕೆನ್ನೆಗೂ ನಡುವೆ ಸರಿಸಿ, ಖಾಲಿ ಬಾಯನ್ನು ಅಗಿದು, ನುಂಗಿದಂತೆ ಗಂಟಲು ಆಡಿಸಿ, "ಚೆನ್ನಾಗಿದೆ ಅಮ್ಮ," ಎಂದ. ಇಷ್ಟು ಚೊಕ್ಕವಾಗಿ ಇಡೀ ಬಜಾರಿನಲ್ಲಿ ಯಾರೂ ಮಾಡಲಾರರು. ಅಮ್ಮ ಅವನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಕೈ ಇನ್ನೂ ಕೆಳಗಿಳಿದಿರಲಿಲ್ಲ. ತೋರುಬೆರಳು ಮುಂದೆ ಬಂದು, ಅವನ ಎಡಕೆನ್ನೆಯ ಮೇಲೆ, ಸರಿಯಾಗಿ ಆ ಚೂರು ಇದ್ದ ಜಾಗದ ಮೇಲೆ, ಒತ್ತಿ ನಿಂತಿತು.

ಅವನು ನಲವತ್ತಮೂರು ವರ್ಷದ ಗಂಡಸು, ತಲೆಯ ನಡುವೆ ಕೂದಲು ಉದುರಿದವನು, ಅಂಗಡಿಯಲ್ಲಿ ಜನ ಎದ್ದು ನಿಂತು ಮಾತಾಡಿಸುವಂಥವನು. ಆ ಬೆರಳಿನ ಕೆಳಗೆ ಕೂತು ಅಗಿದ. ಮೆತ್ತಗಿತ್ತು. ಹಲ್ಲಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಹಾಲಿತ್ತು, ಬೆಣ್ಣೆಯಿತ್ತು. ಅವನು ದೊಡ್ಡದೊಂದು ಅಸಹ್ಯಕ್ಕಾಗಿ ಕಾದ, ಇಲ್ಲವೇ ದೊಡ್ಡದೊಂದು ರುಚಿಗಾಗಿ. ಎರಡೂ ಬರಲಿಲ್ಲ. ಬಂದದ್ದು ಸಪ್ಪೆಯಾದ, ಸಾಧುವಾದ, ಯಾರನ್ನೂ ಹೆದರಿಸದ ಒಂದು ರುಚಿ. ಹಾಲು ಬೆಣ್ಣೆ ಹಾಕಿ ನುರಿದ ಆಲೂಗಡ್ಡೆಯ ಖಾಸಾ ತಮ್ಮನ ಹಾಗಿತ್ತು. ಅವನಿಗೆ ಇಷ್ಟವಾಗಬೇಕೆಂದೇ ಯಾರೋ ಹೇಳಿ ಮಾಡಿಸಿದಂತಿತ್ತು. ಇದಕ್ಕಾ, ಎಂದುಕೊಂಡ. ಇಷ್ಟಕ್ಕಾ ಅಮ್ಮ ಮೂವತ್ತು ವರ್ಷ ಚೀಲದಲ್ಲಿ ಹಳೆಯ ಬಟ್ಟೆ ತುಂಬಿಕೊಂಡು ಪಕ್ಕದ ಮನೆಗೆ ಹೋದದ್ದು. ನಗು ಬಂತು. ನಗಲು ಬಾಯಿ ತೆರೆದರೆ ಬಂದದ್ದು ನಗುವಾಗಿರಲಿಲ್ಲ. ಬುರುಲ್ ಎಜೆ ಬೆನ್ನ ಮೇಲೆ ಗುದ್ದಿ, "ನುಂಗಿ ಅಳೋ, ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ," ಎಂದಳು. ಅವನು ನುಂಗಿದ.

ಅಮ್ಮ ಬೆರಳು ತೆಗೆದಳು. ಬಾಯಿಯನ್ನು ಒಂದು ಕಡೆಗೆ ಎಳೆದು, ಮಾತನ್ನು ಎಲ್ಲಿಂದಲೋ ಹೊತ್ತು ತರುವವಳಂತೆ ಸ್ವಲ್ಪ ಹೊತ್ತು ಕಷ್ಟಪಟ್ಟಳು. "ಉಪ್ಪು," ಎಂದಳು. ಉಸಿರು ತೆಗೆದುಕೊಂಡು, "ಕಮ್ಮಿ."

ಬುರುಲ್ ಎಜೆ ತಟ್ಟೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು ಹುಬ್ಬು ಗಂಟಿಕ್ಕಿದಳು. "ಕಮ್ಮಿ ಎಲ್ಲಿಂದ ಬಂತು ಸೈರಾ? ನಿನ್ನ ಮಗ ಹಾಕೇ ಇಲ್ಲ. ನಾನೂ ನಗೋ ಗಲಾಟೇಲಿ ಹೇಳೋದು ಮರ್ತೆ."

ತಾನು ಮಾಡಿದ ಅಡುಗೆಯಲ್ಲಿ ಅಮ್ಮ ಕೊರತೆ ಹೇಳಿದ್ದನ್ನು ಎರ್ಮೆಕ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಕೊಟ್ಟದ್ದೆಲ್ಲ ಅವಳಿಗೆ ಚೆನ್ನಾಗಿತ್ತು, ಸಾಕಾಗಿತ್ತು, ಸರಿಯಾಗಿತ್ತು. ಅವನು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದ. ಆಲೂಗಡ್ಡೆಗೆ ಎಷ್ಟು ಎಂದು ಕೈಗೆ ಗೊತ್ತಿತ್ತು. ಇದಕ್ಕೆ ಎಷ್ಟು ಎಂದು ಗೊತ್ತಿರಲಿಲ್ಲ. ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ ತಟ್ಟೆಯ ಮೇಲೆ ಉದುರಿಸಿ, "ಇಷ್ಟು ಸಾಕಾ ಅಮ್ಮ?" ಎಂದು ಕೇಳಿದ.

"ನೋಡು," ಎಂದಳು ಅಮ್ಮ.

ಅವನು ಒಂದು ಚೂರನ್ನು ಎತ್ತಿ ಬಾಯಿಗಿಟ್ಟು ನೋಡಿದ. ಸಾಲದೆನ್ನಿಸಿತು. ಇನ್ನೊಂದು ಚಿಟಿಕೆ ಹಾಕಿ, ಇನ್ನೊಂದು ಚೂರು ನೋಡಿದ.